ಮುತ್ತಿನ ಜ್ವರ ಎಂಬ ಕೆಟ್ಟ ಹೆಸರು



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ನಾನು ಎರಡೆರಡು ಸಲ ಓದಿದೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಿಂದ ತಾಯಿಯೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ಆದರೆ ಅವರ ಮಾತುಗಳಲ್ಲೇ ಸ್ವಲ್ಪ ಕೇಳಿ:

“ಡಾಕ್ಟರಮ್ಮ, ನನ್ನ ಮಗಳಿಗೆ ಹತ್ತೊಂಬತ್ತು ವರ್ಷ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದ್ತಾಳೆ. ಹದಿನೈದು ದಿನದ ಕೆಳಗೆ ಜ್ವರ ಅಂತ ಮನೆಗೆ ಬಂದಳು. ವಿಪರೀತ ಗಂಟಲು ನೋವು, ಉಗುಳು ನುಂಗೋದಕ್ಕೂ ಆಗ್ತಿರಲಿಲ್ಲ. ಕತ್ತಿನ ಎರಡೂ ಕಡೆ ನೆಲ್ಲಿಕಾಯಿ ಗಾತ್ರದ ಗಂಟು. ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಚೀಟಿಯಲ್ಲಿ ಮಾನೋನ್ಯೂಕ್ಲಿಯೋಸಿಸ್ ಅಂತ ಬರೆದರು, ರೆಸ್ಟ್ ತಗೊಳ್ಳಲಿ ಅಂದರು. ನನ್ನ ಮೈದುನನ ಮಗ ಆ ಹೆಸರನ್ನ ಮೊಬೈಲಿನಲ್ಲಿ ಹುಡುಕಿ, ನಡುಮನೆಯಲ್ಲಿ ಎಲ್ಲರ ಮುಂದೆ ‘ಇದು ಮುತ್ತು ಕೊಟ್ಟರೆ ಬರೋ ಕಾಯಿಲೆ ದೊಡ್ಡಮ್ಮ’ ಅಂತ ಓದಿಬಿಟ್ಟ. ಅವತ್ತಿನಿಂದ ಯಜಮಾನರು ಮಗಳ ಹತ್ತಿರ ಮಾತಾಡ್ತಿಲ್ಲ. ಕಾಲೇಜು ಬಿಡಿಸ್ತೀನಿ ಅಂತಿದ್ದಾರೆ. ಅವಳು ಗೋಡೆ ಕಡೆ ತಿರುಗಿಕೊಂಡು ಮಲಗಿರ್ತಾಳೆ. ಅತ್ತೆಯವರು ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ನಾನು ಏನಂತ ತಿಳ್ಕೊಳ್ಳಲಿ?”

ಕಾಗದ ಬರೆದ ತಾಯಿಗೆ ಮೊದಲು ಒಂದು ಮಾತು ಹೇಳಿ ಆಮೇಲೆ ಉಳಿದದ್ದು. ಕಾಲೇಜು ಬಿಡಿಸಬೇಡಿ. ಈ ಪುಟವನ್ನು ಮಡಚಿ ನಿಮ್ಮ ಯಜಮಾನರ ಚಹದ ಲೋಟದ ಪಕ್ಕ ಇಡಿ. ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಗುತ್ತದೆ, ಅಚ್ಚಾದದ್ದನ್ನು ಗಂಡಸರು ಓದುತ್ತಾರೆ. ನನ್ನ ಅನುಭವ.

ಇನ್ನು ಈ ಜ್ವರದ ವಿಚಾರ. ಇದರ ಪೂರ್ತಿ ಹೆಸರು ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್. ಹೆಸರು ಬಾಯಿಗೆ ಬಾರದಿದ್ದರೆ ಬೇಡ, ಗ್ಲ್ಯಾಂಡ್ಯುಲರ್ ಫೀವರ್ ಎಂದೂ ಕರೆಯುತ್ತಾರೆ. ನಾವು ಗಂಟಿನ ಜ್ವರ ಎನ್ನೋಣ. 1889ರಲ್ಲೇ ಎಮಿಲ್ ಫೈಫರ್ ಎಂಬ ಜರ್ಮನ್ ವೈದ್ಯರು ಜ್ವರದ ಜೊತೆ ಕತ್ತಿನಲ್ಲಿ ಗಂಟು ಕಟ್ಟುವ ಮಕ್ಕಳನ್ನು ನೋಡಿ ‘ಗ್ರಂಥಿ ಜ್ವರ’ ಎಂದು ಹೆಸರಿಟ್ಟಿದ್ದರು. ಉದ್ದನೆಯ ಹೆಸರು 1920ರಲ್ಲಿ ಅಮೆರಿಕದಲ್ಲಿ ಬಂತು. ರೋಗಿಯ ರಕ್ತದಲ್ಲಿ ಒಂದೇ ಕೋಶಕೇಂದ್ರವಿರುವ ಒಂದು ಜಾತಿಯ ಬಿಳಿಯ ಕಣಗಳು ಹೆಚ್ಚಾಗಿ, ಆಕಾರವೂ ಬದಲಾಗಿ ಕಾಣುತ್ತವೆ. ಮಾನೋ ಎಂದರೆ ಒಂದು, ಅಷ್ಟೇ ಅದರ ಅರ್ಥ. ಮುತ್ತಿಗೂ ಆ ಹೆಸರಿಗೂ ಸಂಬಂಧವೇ ಇಲ್ಲ.

ಹಾಗಾದರೆ ಮುತ್ತು ಎಲ್ಲಿಂದ ಬಂತು? ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದ ಹೋಗ್ಲ್ಯಾಂಡ್ ಎಂಬ ಸೇನಾ ವೈದ್ಯರಿಂದ. ರಜೆಗೆ ಊರಿಗೆ ಹೋಗಿ ಬಂದ ತರುಣರು ಒಂದು ತಿಂಗಳು ಕಳೆದ ಮೇಲೆ ಈ ಜ್ವರದಲ್ಲಿ ಮಲಗುವುದನ್ನು ಅವರು ಗಮನಿಸಿದರು. 1955ರಲ್ಲಿ, ಇದು ಬಾಯಿಂದ ಬಾಯಿಗೆ ಹರಡುತ್ತದೆ ಎಂದು ಬರೆದರು. ಪತ್ರಿಕೆಗಳಿಗೆ ಇನ್ನೇನು ಬೇಕು, ‘ಮುತ್ತಿನ ಕಾಯಿಲೆ’ ಎಂದು ಪ್ರಸಿದ್ಧವಾಯಿತು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಇಪ್ಪತ್ತರ ಆಸುಪಾಸಿನ ಸೈನಿಕ ಹುಡುಗರನ್ನು. ನಮ್ಮ ಮನೆಗಳ ಅಜ್ಜಿ-ಮೊಮ್ಮಕ್ಕಳನ್ನು ನೋಡಿದ್ದರೆ ಬೇರೆಯೇ ಹೆಸರು ಇಡುತ್ತಿದ್ದರೋ ಏನೋ. ನನ್ನನ್ನು ಕೇಳಿದರೆ ಇದು ಮುತ್ತಿನ ಜ್ವರವಲ್ಲ, ಎಂಜಲಿನ ಜ್ವರ.

ಎಂಜಲಿನ ದಾರಿ

ಈ ಜ್ವರಕ್ಕೆ ಕಾರಣ ಒಂದು ವೈರಸ್. ಹೆಸರು ಎಪ್‌ಸ್ಟೀನ್-ಬಾರ್. ಇದರಲ್ಲಿ ಅರ್ಧ ಹೆಸರು ಒಬ್ಬ ಹೆಣ್ಣುಮಗಳದು ಎಂಬುದನ್ನು ನಮ್ಮ ಓದುಗರು ತಿಳಿದಿರಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಆಂಟನಿ ಎಪ್‌ಸ್ಟೀನ್ ಅವರ ಜೊತೆ ಕೆಲಸ ಮಾಡುತ್ತಿದ್ದ ಇವಾನ್ ಬಾರ್ ಎಂಬ ಐರ್ಲೆಂಡಿನ ತರುಣಿ ಆಕೆ. ಆಫ್ರಿಕಾದ ಉಗಾಂಡಾದಲ್ಲಿ ಮಕ್ಕಳ ದವಡೆಯಲ್ಲಿ ಬೆಳೆಯುವ ಒಂದು ಗಡ್ಡೆಯ ತುಣುಕುಗಳು ವಿಮಾನದಲ್ಲಿ ಅವರಲ್ಲಿಗೆ ಬರುತ್ತಿದ್ದವು. 1963ರ ಡಿಸೆಂಬರಿನಲ್ಲಿ ಒಂದು ದಿನ ಮಂಜು ಕವಿದು ವಿಮಾನ ಬೇರೆ ಊರಲ್ಲಿ ಇಳಿಯಿತು, ತುಣುಕು ತಡವಾಗಿ ಕೈಸೇರಿತು. ಶೀಷೆಯ ದ್ರವವೆಲ್ಲ ಕದಡಿ ಬೆಳ್ಳಗಾಗಿತ್ತು. ಹಾಲು ಒಡೆದಿದೆ ಎಂದು ನಾವು ಚೆಲ್ಲುವ ಹಾಗೆ ಅವರೂ ಚೆಲ್ಲಿಬಿಡಬಹುದಿತ್ತು. ಚೆಲ್ಲುವ ಮೊದಲು ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಟ್ಟಿರಲಿಲ್ಲ. ಗಡ್ಡೆಯ ಕಣಗಳೇ ಬಿಡಿಬಿಡಿಯಾಗಿ ತೇಲುತ್ತಿದ್ದವು. ಆ ಕಣಗಳನ್ನು ಶೀಷೆಯಲ್ಲಿ ಸಾಕಿ ಬೆಳೆಸಿದರು, 1964ರಲ್ಲಿ ಅದರೊಳಗೆ ಈ ವೈರಸ್ ಸಿಕ್ಕಿತು. ಬಾರ್ ಮುಂದೆ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದರಂತೆ.

ಆದರೆ ಆ ವೈರಸ್ಸೇ ಗಂಟಿನ ಜ್ವರವನ್ನೂ ತರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹಿಡಿದುಕೊಟ್ಟದ್ದೂ ಒಬ್ಬ ಹುಡುಗಿಯ ರಕ್ತವೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೆನ್ಲೆ ದಂಪತಿಗಳೆಂಬ ವಿಜ್ಞಾನಿಗಳಿದ್ದರು. ಅವರ ಪ್ರಯೋಗಶಾಲೆಯ ಸಹಾಯಕಿಯ ರಕ್ತದಲ್ಲಿ ಈ ವೈರಸ್ಸಿನ ಗುರುತು ಇರಲಿಲ್ಲ. 1967ರಲ್ಲಿ ಆಕೆಗೆ ಗಂಟಿನ ಜ್ವರ ಬಂತು. ಗುಣವಾಗಿ ಬಂದ ಮೇಲೆ ನೋಡಿದರೆ ಗುರುತು ಮೂಡಿತ್ತು! ಮರುವರ್ಷ ಅವರು ಅದನ್ನು ಪ್ರಕಟಿಸಿದರು. ಆ ಸಹಾಯಕಿಯನ್ನು ಯಾರೂ ‘ಯಾರ ಜೊತೆ ಹೋಗಿದ್ದೆ’ ಎಂದು ಕೇಳಿದ ಹಾಗೆ ಎಲ್ಲೂ ಬರೆದಿಲ್ಲ.

ವೈರಸ್ ಇರುವುದು ಮುಖ್ಯವಾಗಿ ಎಂಜಲಿನಲ್ಲಿ. ಎಂಜಲು ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. “ಕಚ್ಚಿಕೊಂಡು ಕುಡೀಬೇಡ, ಎತ್ತಿ ಕುಡಿ” ಎಂದು ಲೋಟ ಕೈಗೆ ಕೊಡುವಾಗಲೇ ಹೇಳಿ ಬೆಳೆಸಿದ ಅಜ್ಜಿಯರು ನಮ್ಮವರು. ಆದರೆ ಅದೇ ಅಜ್ಜಿ ಚಕ್ಕುಲಿಯನ್ನು ತಾನು ಅಗಿದು ಮೆತ್ತಗೆ ಮಾಡಿ ಮೊಮ್ಮಗುವಿನ ಬಾಯಿಗೆ ಇಡುತ್ತಾಳೆ. ಹಾಲು ಬಿಸಿಯಿದೆಯೋ ಎಂದು ತಾನು ಒಂದು ಗುಟುಕು ನೋಡಿ ಅದೇ ಚಮಚದಲ್ಲಿ ಕುಡಿಸುತ್ತಾಳೆ. ಮಗುವಿನ ಕೆನ್ನೆ, ಬಾಯಿ, ಅಂಗೈ ಎಲ್ಲಕ್ಕೂ ಮುತ್ತು. ಇನ್ನು ಮಕ್ಕಳೋ, ಕಾಗೆ ಎಂಜಲು ಮಾಡಿ ಹಂಚಿಕೊಳ್ಳುವುದು ಗೊತ್ತಲ್ಲ? ಪೆಪ್ಪರಮೆಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ ಕಚ್ಚಿ, ಎಂಜಲಾಗಲಿಲ್ಲ ಎಂದು ಅರ್ಧ ಗೆಳತಿಗೆ. ಬಟ್ಟೆ ನೆನೆದಿರುತ್ತದೆ, ಪೆಪ್ಪರಮೆಂಟೂ ನೆನೆದಿರುತ್ತದೆ. ಕಾಗೆಗೆ ಗೊತ್ತಾಗದಿದ್ದರೂ ವೈರಸ್ಸಿಗೆ ಗೊತ್ತು.

ಹೀಗಾಗಿ ನಮ್ಮಂಥ ದೇಶಗಳಲ್ಲಿ ಬಹುಮಂದಿಗೆ ಈ ವೈರಸ್ ಅಂಟುವುದು ಚಿಕ್ಕಂದಿನಲ್ಲೇ. ಆಗ ಒಂದು ನೆಗಡಿ, ಎರಡು ದಿನದ ಜ್ವರ, ಅಥವಾ ಏನೂ ಇಲ್ಲ. ಅಮ್ಮ ಒಂದು ಕಷಾಯ ಕುಡಿಸಿ ಮರೆತಿರುತ್ತಾಳೆ. ಆಮೇಲೆ ವೈರಸ್ ಮೈಬಿಟ್ಟು ಹೋಗುವುದಿಲ್ಲ, ರಕ್ತದ ಒಂದು ಜಾತಿಯ ಬಿಳಿಕಣದೊಳಗೆ ಸಾಯುವ ತನಕ ಮಲಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಎದ್ದು, ಯಾವ ಕಾಯಿಲೆಯನ್ನೂ ಮಾಡದೆ, ಎಂಜಲಿನಲ್ಲಿ ಬಂದು ಹೋಗುತ್ತದೆ. ಪ್ರಪಂಚದಲ್ಲಿ ಬೆಳೆದ ಹತ್ತು ಜನರಲ್ಲಿ ಒಂಬತ್ತು ಜನರ ಮೈಯಲ್ಲಿ ಇದು ಇದೆ. ಕಾಗದ ಬರೆದ ತಾಯೀ, ನಿಮ್ಮಲ್ಲಿ ಇರಬಹುದು, ಯಜಮಾನರಲ್ಲಿ ಇರಬಹುದು, ಮೊಬೈಲ್ ಓದಿದ ಆ ಜಾಣನಲ್ಲೂ ಇರಬಹುದು. ನನ್ನಲ್ಲಂತೂ ಖಂಡಿತ ಇದ್ದೀತು.

ಚಿಕ್ಕಂದಿನಲ್ಲಿ ತಪ್ಪಿಸಿಕೊಂಡವರಿಗೆ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಮೊದಲ ಸಲ ಅಂಟಿದರೆ ಮಾತ್ರ ಕಷ್ಟ. ಅಂಥ ನಾಲ್ವರಲ್ಲಿ ಒಬ್ಬರಿಗಾದರೂ ಈ ಗಂಟಿನ ಜ್ವರ ಪೂರ್ತಿ ರೂಪದಲ್ಲಿ ಬರುತ್ತದೆ. ಆ ವಯಸ್ಸಿನಲ್ಲಿ ಮೈಯ ಕಾವಲು ಬಲವಾಗಿರುತ್ತದೆ. ಊರಿಗೆ ಒಬ್ಬ ಕಳ್ಳ ನುಗ್ಗಿದರೆ ಇಡೀ ಊರು ದೊಣ್ಣೆ ಹಿಡಿದು ಎದ್ದ ಹಾಗೆ. ಜ್ವರ, ಗಂಟು, ಸುಸ್ತು ಇವುಗಳಲ್ಲಿ ಹೆಚ್ಚಿನದು ಕಳ್ಳನ ಕೆಲಸವಲ್ಲ, ಊರವರ ಗದ್ದಲ.

ಹಾಸ್ಟೆಲಿನಲ್ಲಿ ಹೇಗೆ ಅಂಟುತ್ತದೆ ಎಂದು ಕೇಳುವಿರಾ? ಹಾಸ್ಟೆಲಿನ ಹುಡುಗಿಯರನ್ನು ಒಂದು ಸಂಜೆ ನೋಡಿ. ಒಂದೇ ನೀರಿನ ಬಾಟಲಿ ನಾಲ್ಕು ಬಾಯಿಗೆ. ಮನೆಯಿಂದ ಬಂದ ಪುಳಿಯೋಗರೆ ಡಬ್ಬಕ್ಕೆ ಒಂದೇ ಚಮಚ. ತುಟಿಗೆ ಹಚ್ಚುವ ಮುಲಾಮು ಒಂದೇ, ಐಸ್‌ಕ್ಯಾಂಡಿ “ಒಂದು ಕಡಿ ಕೊಡೇ” ಎಂದು ಕೈ ಬದಲಾಯಿಸುತ್ತದೆ. ಎಂಜಲಿನ ತೇವ ಆರುವ ತನಕ ವೈರಸ್ಸಿಗೆ ಜೀವ. ಗಾಳಿಯಲ್ಲಿ ಹಾರಿ ಬರುವುದು, ಬೆವರಿನಿಂದ ಅಂಟುವುದು, ಒಂದೇ ಬೆಂಚಿನಲ್ಲಿ ಕೂತಿದ್ದಕ್ಕೆ ಬರುವುದು, ಹಾಗೆಲ್ಲ ಇಲ್ಲ. ರಕ್ತ ಕೊಡುವುದರಿಂದ, ಅಂಗಾಂಗ ಕಸಿಯಿಂದ, ಗಂಡುಹೆಣ್ಣಿನ ಕೂಡುವಿಕೆಯಿಂದ ಹರಡುವುದೂ ಇದೆ, ಎಂಜಲಿನಷ್ಟು ಅಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ವೈರಸ್ ಒಳಹೊಕ್ಕ ದಿನಕ್ಕೂ ಜ್ವರ ಬಂದ ದಿನಕ್ಕೂ ನಡುವೆ ನಾಲ್ಕರಿಂದ ಆರು ವಾರ ಕಳೆದಿರುತ್ತದೆ. ಕೊಟ್ಟವರಿಗೆ ತಾನು ಕೊಟ್ಟೆ ಎಂದು ಗೊತ್ತಿಲ್ಲ, ಅವರು ಆರೋಗ್ಯವಾಗಿ ಓಡಾಡಿಕೊಂಡಿರುತ್ತಾರೆ. ಆರು ವಾರದ ಹಿಂದೆ ಯಾರ ಲೋಟದಲ್ಲಿ ನೀರು ಕುಡಿದಿರಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನೂ ತಬ್ಬಿಬ್ಬಾಗುತ್ತೇನೆ. ಇದು ಎಲ್ಲಿಂದ ಬಂತೆಂದು ಯಾವ ಡಾಕ್ಟರೂ, ಯಾವ ಪರೀಕ್ಷೆಯೂ ಹೇಳಲಾರದು. ಹುಡುಗಿಯ ನಡತೆಗೆ ಇದು ಸರ್ಟಿಫಿಕೇಟೂ ಅಲ್ಲ, ಆಪಾದನೆಯೂ ಅಲ್ಲ. ಒಂದು ಪಕ್ಷ ಯಾರಿಗಾದರೂ ಮುತ್ತಿನಿಂದಲೇ ಬಂದಿತ್ತು ಎಂದೇ ಇಟ್ಟುಕೊಳ್ಳಿ. ಆಗಲೂ ಮಲಗಿರುವ ಮಗುವಿಗೆ ಬೇಕಾದದ್ದು ಗಂಜಿ ಮತ್ತು ನಾಲ್ಕು ಒಳ್ಳೆಯ ಮಾತು, ವಿಚಾರಣೆಯಲ್ಲ.

ನಾನು ಮಾಡಿದ ಒಂದು ತಪ್ಪು

ಗಂಟಲು ನೋವು ಅಂದ ಕೂಡಲೇ ಅಂಗಡಿಯಿಂದ ಮಾತ್ರೆ ತರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಅಂಥವರನ್ನು ಗದರುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆಗ ನಾನು ಕೆಲಸಕ್ಕೆ ಸೇರಿದ ಹೊಸತು, ಒಂದು ತಾಲ್ಲೂಕು ಊರಿನಲ್ಲಿದ್ದೆ. ಹದಿನೇಳು ವರ್ಷದ ಹುಡುಗ, ಜ್ವರ, ಗಂಟಲಲ್ಲಿ ಬಿಳಿಯ ಮಚ್ಚೆ. ಟಾನ್ಸಿಲ್ ಎಂದು ನಿರ್ಧರಿಸಿ ಆಂಪಿಸಿಲಿನ್ ಬರೆದುಕೊಟ್ಟೆ. ಕತ್ತಿನ ಹಿಂಭಾಗ ಮುಟ್ಟಿ ನೋಡಲಿಲ್ಲ, ಹೊಟ್ಟೆ ಒತ್ತಿ ನೋಡಲಿಲ್ಲ. ಹೊರಗೆ ಸಾಲು ಉದ್ದವಿತ್ತು.

ಆರನೆಯ ದಿನ ಅವನ ತಾಯಿ ಓಡಿ ಬಂದರು. “ಡಾಕ್ಟರಮ್ಮ, ಹುಡುಗನಿಗೆ ಅಮ್ಮ ಬಂದವಳೆ, ಬೇವಿನ ಸೊಪ್ಪು ಹಾಸಿ ಮಲಗಿಸಿದೀನಿ, ಔಸ್ತಿ ಕೊಡಬಹುದಾ?” ಹೋಗಿ ನೋಡಿದರೆ ಮೈಯೆಲ್ಲ ಕೆಂಪು ದದ್ದು. ನನಗೂ ದಡಾರವೇ ಎಂಬ ಅನುಮಾನ. ನಮ್ಮ ಹಿರಿಯ ವೈದ್ಯರು ಬಂದು ಅವನ ಎಡಪಕ್ಕೆಯ ಕೆಳಗೆ ಮೆಲ್ಲನೆ ಬೆರಳಿಟ್ಟರು. ರಕ್ತದ ಒಂದು ಹನಿ ಗಾಜಿನ ಮೇಲೆ ಸವರಿ ನೋಡಿದರು. “ಅಮ್ಮನೂ ಅಲ್ಲ, ದಡಾರವೂ ಅಲ್ಲ ಕಣಮ್ಮ. ಇದು ನೀನು ಬರೆದ ಮಾತ್ರೆ” ಎಂದರು. ಗಂಟಿನ ಜ್ವರವಿದ್ದವರಿಗೆ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಿ ಕೊಟ್ಟರೆ ಅನೇಕರಿಗೆ ಹೀಗೆ ಮೈತುಂಬ ದದ್ದು ಏಳುತ್ತದೆ. ಮಾತ್ರೆ ನಿಲ್ಲಿಸಿದೆವು, ಒಂದು ವಾರದಲ್ಲಿ ದದ್ದು ಮಾಯವಾಯಿತು. ಆ ತಾಯಿ ಬೇವಿನ ಸೊಪ್ಪಿಗೇ ಗುಣವಾಯಿತು ಎಂದು ನಂಬಿದರು. ನಾನು ಸುಮ್ಮನಿದ್ದೆ, ನಾಚಿಕೆಯಿಂದ.

ವೈರಸ್ಸಿಗೆ ಈ ಆಂಟಿಬಯಾಟಿಕ್‌ಗಳಿಂದ ಏನೂ ಆಗುವುದಿಲ್ಲ ಎಂಬುದು ಒಂದು. ಸುಮ್ಮನೆ ತೊಂದರೆ ತರಿಸಿಕೊಳ್ಳುತ್ತೇವೆ ಎಂಬುದು ಇನ್ನೊಂದು. ಇಂಥ ದದ್ದು ಎದ್ದಿದ್ದರೆ, ಜನ್ಮಪೂರ್ತಿ ಆ ಔಷಧಿ ಆಗುವುದಿಲ್ಲ ಎಂದು ನೀವಾಗಿಯೇ ತೀರ್ಮಾನಿಸಬೇಡಿ. ಯಾವ ಜ್ವರದಲ್ಲಿ, ಯಾವ ಮಾತ್ರೆಗೆ, ಎಷ್ಟನೇ ದಿನ ಎದ್ದಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಯಾವ ಡಾಕ್ಟರಿಗಾದರೂ ತೋರಿಸಿ, ಅವರು ಹೇಳಲಿ.

ಮನೆಯಲ್ಲಿ ಏನು ಮಾಡಬೇಕು

ಇದಕ್ಕೆ ಚುಚ್ಚುಮದ್ದಿಲ್ಲ, ಲಸಿಕೆಯೂ ಇಲ್ಲ. ತಾನಾಗಿ ಬಂದದ್ದು ತಾನಾಗಿ ಹೋಗಬೇಕು. ಜ್ವರ, ಗಂಟಲು ನೋವು ಸಾಮಾನ್ಯವಾಗಿ ಎರಡು ವಾರ. ಸುಸ್ತು ಎರಡರಿಂದ ನಾಲ್ಕು ವಾರ, ಕೆಲವರಿಗೆ ತಿಂಗಳುಗಟ್ಟಲೆ. “ಜ್ವರ ಬಿಟ್ಟು ಹದಿನೈದು ದಿನ ಆಯ್ತು, ಇನ್ನೂ ಹಾಸಿಗೆ ಬಿಟ್ಟು ಏಳಲ್ಲ, ಸೋಮಾರಿ” ಎನ್ನಬೇಡಿ. ಅದು ಸೋಮಾರಿತನವಲ್ಲ, ಕಾಯಿಲೆಯ ಬಾಲ.

ಜ್ವರಕ್ಕೆ, ನೋವಿಗೆ ಪ್ಯಾರಸಿಟಮಾಲ್, ಅದೂ ಡಾಕ್ಟರು ಹೇಳಿದ ಪ್ರಮಾಣದಲ್ಲಿ. ಈ ಜ್ವರದಲ್ಲಿ ಯಕೃತ್ತಿಗೂ ಸ್ವಲ್ಪ ಬಾವು ಇರುತ್ತದೆ, ಹಾಗಾಗಿ ಲೆಕ್ಕ ತಪ್ಪಿ ನುಂಗಬಾರದು. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಬೇಡವೇ ಬೇಡ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿದರೆ ಗಂಟಲಿಗೆ ಹಾಯೆನಿಸುತ್ತದೆ.

ಊಟದ ವಿಚಾರ ನಿಮಗೆ ನಾನು ಹೇಳಿಕೊಡಬೇಕೇ? ಆದರೂ ನುಂಗಲಾರದ ಗಂಟಲಿಗೆ ನಾನು ಮಾಡುವ ರಾಗಿ ಗಂಜಿ ಇದು. ಎರಡು ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. (ಗಂಟಿನ ಜ್ವರಕ್ಕೆ ಗಂಟಿರುವ ಗಂಜಿ ಯಾಕೆ!) ಒಂದೂವರೆ ಲೋಟ ನೀರು ಕುದಿಯುವಾಗ ಇದನ್ನು ಹುಯ್ದು, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಬಿಡದೆ ತಿರುವಿ. ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿತು. ಪೂರ್ತಿ ಆರಿದ ಮೇಲೆ ಉಪ್ಪು, ಹುಳಿಯಿಲ್ಲದ ಮಜ್ಜಿಗೆ ಬೆರೆಸಿ. ಹಸಿಮೆಣಸು, ಮೆಣಸಿನಪುಡಿ ಬೇಡ, ಗಂಟಲು ಉರಿಯುತ್ತದೆ. ಹೆಸರುಬೇಳೆ ಕಟ್ಟು, ಮಿದ್ದ ಮೊಸರನ್ನ, ಎಳನೀರು ಎಲ್ಲ ಆಗಬಹುದು. ತಣ್ಣಗಿನದು ತಿಂದರೆ ಗಂಟಲು ಕೆಡುತ್ತದೆಂಬ ಭಯ ಬೇಡ, ಈ ನೋವಿಗೆ ತಣ್ಣಗಿನದೇ ಸುಖ. ನೀರಿನಂಶ ಒಳಗೆ ಹೋಗುತ್ತಲೇ ಇರಬೇಕು.

ಒಂದು ವಿಚಾರದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಮ್ಮ ಎಡಪಕ್ಕೆಯ ಒಳಗೆ ಗುಲ್ಮ ಎಂಬ ಅಂಗವಿದೆ, ಇಂಗ್ಲಿಷಿನಲ್ಲಿ ಸ್ಪ್ಲೀನ್. ಈ ಜ್ವರದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಅದು ಊದಿಕೊಂಡು, ಹಣ್ಣಾದ ಪರಂಗಿಯ ಹಾಗೆ ಮೆತ್ತಗಾಗುತ್ತದೆ. ಪೆಟ್ಟು ಬಿದ್ದರೆ, ಕೆಲವೊಮ್ಮೆ ಪೆಟ್ಟೇ ಇಲ್ಲದೆ, ಒಡೆಯಬಹುದು. ಬಹಳ ಅಪರೂಪ, ನೂರು ರೋಗಿಗಳಲ್ಲಿ ಒಬ್ಬರಿಗೂ ಇಲ್ಲ. ಆದರೆ ಒಡೆದರೆ ಪ್ರಾಣಕ್ಕೆ ಬರುತ್ತದೆ. ಆದ್ದರಿಂದ ಕಾಯಿಲೆ ಶುರುವಾದಂದಿನಿಂದ ಕನಿಷ್ಠ ಮೂರು-ನಾಲ್ಕು ವಾರ ಕಬಡ್ಡಿ, ಖೋಖೋ, ಓಟ ಬೇಡ. ನೀರಿನ ಕೊಡ ಎತ್ತುವುದು, ಗ್ಯಾಸ್ ಸಿಲಿಂಡರ್ ಸರಿಸುವುದು, ಅಕ್ಕಿಮೂಟೆ ಎಳೆಯುವುದು ಬೇಡ. ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಿಸುವುದು, ‘ಬಟ್ಟಿ ಬಿದ್ದಿದೆ’ ಎಂದು ಒತ್ತಿಸುವುದು ಖಂಡಿತ ಬೇಡ. ಕತ್ತಿನ ಗಂಟಿಗೆ ಬರೆ ಹಾಕಿಸುವವರನ್ನೂ ನಾನು ಕಂಡಿದ್ದೇನೆ. ಗಂಟು ತಾನಾಗಿ ಕರಗುತ್ತಿತ್ತು, ಬರೆಯ ಗುರುತು ಮಾತ್ರ ಸಾಯುವ ತನಕ ಉಳಿಯಿತು.

ಡಾಕ್ಟರ ಬಳಿ ಯಾವಾಗ

ಕಾಗದ ಬರೆದ ತಾಯಿಯ ಮಗಳಿಗೆ ಕಾಯಿಲೆಯ ಹೆಸರು ಗೊತ್ತಾಗಿದೆ. ನಿಮ್ಮ ಮನೆಯಲ್ಲಿ ನಾಳೆ ಯಾರಿಗೋ ಜ್ವರ, ಗಂಟಲು ನೋವು, ಗಂಟು ಬಂದರೆ ಇದೂ ಅದೇ ಎಂದು ಗಂಜಿ ಕುಡಿಸಿಕೊಂಡು ಕೂರಬೇಡಿ. ನಮ್ಮ ಕಡೆ ಜ್ವರಗಳ ಸಂತೆಯೇ ಇದೆ. ಡೆಂಗಿ, ಟೈಫಾಯ್ಡ್, ಮಲೇರಿಯಾ ಎಲ್ಲ ಮೊದಲ ಎರಡು ದಿನ ಒಂದೇ ಮುಖ ಹಾಕಿಕೊಂಡಿರುತ್ತವೆ. ಮೂರು ದಿನಕ್ಕೆ ಜ್ವರ ಇಳಿಯದಿದ್ದರೆ ಹೋಗಿ ತೋರಿಸಿ.

ಗಂಟಲಿನ ಒಳಗೆ ಬೂದುಬಣ್ಣದ ಪೊರೆ ಕಟ್ಟಿ, ಕತ್ತೆಲ್ಲ ಊದಿಕೊಂಡಿದ್ದರೆ ಮೂರು ದಿನವೂ ಕಾಯಬೇಡಿ, ಆ ದಿನವೇ ಹೋಗಿ. ಅದು ಗಂಟಲಮಾರಿ ಇರಬಹುದು, ಡಿಫ್ತೀರಿಯಾ. ಲಸಿಕೆ ಪೂರ್ತಿ ಹಾಕಿಸದ ಮಕ್ಕಳಿದ್ದರಂತೂ ಮೊದಲು ಅದನ್ನೇ ಯೋಚಿಸಬೇಕು. ಅದು ಇನ್ನೂ ನಮ್ಮ ನಾಡನ್ನು ಪೂರ್ತಿ ಬಿಟ್ಟು ಹೋಗಿಲ್ಲ.

ಗಂಟಿನ ಜ್ವರವೇ ಎಂದು ಖಾತರಿಯಾದ ಮೇಲೂ ರಾತ್ರಿಯಾದರೂ ಸರಿ, ಆಟೋ ಮಾಡಿಕೊಂಡು ಹೊರಡಬೇಕಾದ ಸಮಯಗಳಿವೆ. ಟಾನ್ಸಿಲ್ ಊದಿ ಉಸಿರು ಗೊರಗೊರ ಎನ್ನುತ್ತಿದೆ, ಉಗುಳನ್ನೂ ನುಂಗಲಾರದೆ ಜೊಲ್ಲು ಸುರಿಯುತ್ತಿದೆ ಎಂದರೆ ಒಂದು. ಎಡಪಕ್ಕೆಯ ಕೆಳಗೆ ತಟ್ಟನೆ ಚಳುಕು ಹೊಡೆದು, ತಲೆ ತಿರುಗಿ, ಮೈ ತಣ್ಣಗೆ ಬೆವರಿದರೆ ಇನ್ನೊಂದು. ಆಗ ನೋವು ಕೆಲವೊಮ್ಮೆ ಎಡ ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಭುಜ ಉಳುಕಿದೆ ಎಂದು ಮುಲಾಮು ಸವರುತ್ತ ಕೂತರೆ ಕೆಟ್ಟಿತು. ಹೊಟ್ಟೆಯೊಳಗೆ ರಕ್ತ ಸೋರಿ ವಪೆಗೆ ತಾಗಿದಾಗ ನೋವು ಭುಜದಲ್ಲಿ ಗೊತ್ತಾಗುತ್ತದೆ. ಹಾಗೆಯೇ ತಾಳಲಾರದ ತಲೆನೋವಿನ ಜೊತೆ ಕತ್ತು ಬಗ್ಗಿಸಲಾಗದಿದ್ದರೆ, ಮಾತು ತೊದಲಿದರೆ, ಮಂಕು ಕವಿದರೆ, ಚರ್ಮದ ಕೆಳಗೆ ರಕ್ತದ ಚುಕ್ಕೆ ಎದ್ದರೆ, ಒಸಡಲ್ಲಿ ರಕ್ತ ಬಂದರೆ ತಡಮಾಡಬೇಡಿ. ಕಣ್ಣು ಹಳದಿಯಾಗಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮರುದಿನ ಬೆಳಿಗ್ಗೆಯೇ ತೋರಿಸಿ. ಕಾಮಾಲೆ ಎಂದು ಯಾರದೋ ಸೊಪ್ಪಿನ ಔಷಧಿಗೆ ಓಡಬೇಡಿ.

ಇನ್ನೊಂದು ನಿಧಾನದ ಎಚ್ಚರಿಕೆ. ಜ್ವರ ಹೋಗಿ ಒಂದು ತಿಂಗಳಾದರೂ ಗಂಟು ಹಾಗೇ ಇದೆ, ನೋವಿಲ್ಲ, ಆದರೆ ದೊಡ್ಡದಾಗುತ್ತಿದೆ, ಮೈ ಇಳಿಯುತ್ತಿದೆ, ರಾತ್ರಿ ಬಟ್ಟೆ ನೆನೆಯುವ ಹಾಗೆ ಬೆವರು ಎಂದರೆ ಅದು ಬೇರೆ ಏನೋ. ಕ್ಷಯದ ಗಂಟು ನಮ್ಮಲ್ಲಿ ಬಹಳ ಸಾಮಾನ್ಯ. ಬೇಗ ತೋರಿಸಿದರೆ ಮಾತ್ರೆಯಲ್ಲೇ ಗುಣವಾಗುತ್ತದೆ. ಮೊದಲು ಮಾನೋ ಅಂದಿದ್ದರಲ್ಲ, ಅದರದೇ ಗಂಟಿರಬೇಕು ಎಂದು ಸುಮ್ಮನಿರಬಾರದು.

ಪರೀಕ್ಷೆಗಳ ಬಗ್ಗೆ ಎರಡೇ ಮಾತು. ಸಾಧಾರಣ ರಕ್ತ ಪರೀಕ್ಷೆಯಲ್ಲೇ ಲಿಂಫೋಸೈಟ್ ಎಂಬ ಕಣ ಅರ್ಧಕ್ಕಿಂತ ಹೆಚ್ಚಿದ್ದು, ಅದರಲ್ಲೂ ವಿಕಾರ ಆಕಾರದವು ಹೆಚ್ಚಾಗಿ ಕಂಡರೆ ಡಾಕ್ಟರಿಗೆ ಸುಳಿವು ಸಿಗುತ್ತದೆ. ಪ್ಲೇಟ್ಲೆಟ್ ಸ್ವಲ್ಪ ಇಳಿದಿರಬಹುದು. ಅಷ್ಟಕ್ಕೇ ಡೆಂಗಿ ಎಂದು ಗಾಬರಿಯಾಗಬೇಡಿ, ಡಾಕ್ಟರು ನೋಡಲಿ. ಮಾನೋಸ್ಪಾಟ್ ಎಂಬ ಪರೀಕ್ಷೆ ಮೊದಲ ವಾರದಲ್ಲಿ ಕಾಲುಭಾಗದಷ್ಟು ರೋಗಿಗಳಲ್ಲಿ ‘ಇಲ್ಲ’ ಎಂದು ಸುಳ್ಳು ಹೇಳುತ್ತದೆ, ಸಣ್ಣ ಮಕ್ಕಳಲ್ಲಂತೂ ಅದನ್ನು ನಂಬುವ ಹಾಗಿಲ್ಲ. ವೈಡಲ್ ಪರೀಕ್ಷೆ ಒಂದನ್ನೇ ಹಿಡಿದುಕೊಂಡು ಟೈಫಾಯ್ಡ್ ಎಂದು ತೀರ್ಮಾನಿಸುವುದೂ ಅಷ್ಟೇ ಅಪಾಯ.

ಇನ್ನು ಆ ತಾಯಿಯ ಕಾಗದದ ಕೊನೆಯಲ್ಲಿದ್ದ ಎರಡು ಪ್ರಶ್ನೆಗಳು. “ಮತ್ತೆ ಹಾಸ್ಟೆಲಿಗೆ ಕಳಿಸಿದರೆ ಬೇರೆ ಹುಡುಗಿಯರಿಗೆ ಅಂಟಲ್ವಾ?” ಎಂದು ಒಂದು. ಜ್ವರ ಬಿಟ್ಟು, ಊಟ ಸೇರಿ, ಮೆಟ್ಟಿಲು ಹತ್ತಿದರೆ ಏದುಸಿರು ಬರದಷ್ಟು ಶಕ್ತಿ ಬಂದ ದಿನ ಕಳಿಸಿ. ಎಂಜಲಿನಿಂದ ವೈರಸ್ ಪೂರ್ತಿ ಹೋಗಲಿ ಎಂದು ಕಾದರೆ ತಿಂಗಳುಗಟ್ಟಲೆ ಕಾಯಬೇಕು, ಆಮೇಲೂ ಪೂರ್ತಿ ಹೋಗುವುದಿಲ್ಲ. ಅಲ್ಲಿರುವ ಹುಡುಗಿಯರಲ್ಲಿ ಬಹುಮಂದಿಯಲ್ಲಿ ಅದು ಆಗಲೇ ಇದ್ದೇ ಇದೆ. ಅವಳದೇ ಒಂದು ಬಾಟಲಿ, ಒಂದು ಚಮಚ ಕೊಟ್ಟು ಕಳಿಸಿ, ಎತ್ತಿ ಕುಡಿಯಲು ಹೇಳಿ. ಕಾಲೇಜಿಗೆ ಡಾಕ್ಟರ ಚೀಟಿ ಕೊಡಿಸಿ, ಆಟದ ತರಗತಿಯಿಂದ ವಿನಾಯಿತಿ ಕೇಳಿ. ಪ್ರ್ಯಾಕ್ಟಿಕಲ್‌ನಲ್ಲಿ ಗಂಟೆಗಟ್ಟಲೆ ನಿಂತು ಸುಸ್ತಾಗುತ್ತದೆಂದರೆ ಒಂದು ಸ್ಟೂಲು ಕೇಳಿ ಪಡೆಯಲಿ, ಅದರಲ್ಲಿ ಸಂಕೋಚವೇನು?

ಎರಡನೆಯದು, “ತಟ್ಟೆ ಲೋಟ ಎಷ್ಟು ದಿನ ಬೇರೆ ಇಡಬೇಕು?” ಬೇರೆ ಇಡಲೇಬೇಕಾಗಿಲ್ಲ. ಸಾಬೂನು ಹಾಕಿ ತೊಳೆದು ಎಲ್ಲರ ಪಾತ್ರೆಯ ಜೊತೆ ಜೋಡಿಸಿ. ಬಾಯಿಗೆ ಹಾಕಿದ ಚಮಚ, ಕಚ್ಚಿದ ಹಣ್ಣು ಹಂಚಿಕೊಳ್ಳದಿದ್ದರೆ ಸಾಕು, ಅಷ್ಟನ್ನು ಜ್ವರವಿಲ್ಲದ ದಿನವೂ ಪಾಲಿಸಬಹುದು. ಅತ್ತೆಯವರಿಗೆ ಇದನ್ನು ಡಾಕ್ಟರಮ್ಮ ಹೇಳಿದರು ಎನ್ನಿ. ಸಂಜೆ ಅವಳನ್ನು ಗೋಡೆಯ ಕಡೆಯಿಂದ ಎಬ್ಬಿಸಿ, ಎಲ್ಲರ ಪಂಕ್ತಿಯಲ್ಲೇ, ಅವರಪ್ಪನ ಪಕ್ಕದಲ್ಲೇ ತಟ್ಟೆ ಹಾಕಿ.

ಕಾಲೇಜಿಗೆ ಹೊರಟ ದಿನ ನನಗೊಂದು ಕಾರ್ಡು ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ, ಪಾತ್ರೆ ತೊಳೆದು ತೊಳೆದು ಬೆರಳ ಸಂದಿಯಲ್ಲಿ ಹುಣ್ಣಾಗಿದೆ ಎಂದು ಬರೆದಿರುವ ಸೋದರಿಯರಿಗೆ ಉತ್ತರ.